ಜರಾಯುವೂ ಅದರ ಕೃತಕ ಪ್ರತಿಕೃತಿಯೂ

ತಾಯಿಗೂ ಗರ್ಭಸ್ಥಶಿಶುವಿಗೂ ನಡುವೆ ಇದ್ದು, ಆಹಾರ ಪ್ರಾಣವಾಯುಗಳನ್ನು ಶಿಶುವಿಗೆ ಒದಗಿಸಿ ಮಲಿನಾಂಶವನ್ನು ಹಿಂದಕ್ಕೆ ಸಾಗಿಸುವ ಅಂಗಕ್ಕೆ ಆಯುರ್ವೇದದಲ್ಲಿ ಅಪರಾ ಎಂದು ಹೆಸರು. ಜನರು ಇದನ್ನು ಮಾಸು ಎನ್ನುವರು. ಈಗಿನ ಗ್ರಂಥಗಳಲ್ಲಿ ಜರಾಯು ಎಂಬ ಶಬ್ದವು ರೂಢವಾಗಿದೆ. ಶಿಶುವಿನ ನಾಭಿಗೆ ನಾಡಿಯೂ, ನಾಡಿಗೆ ಅಪರೆಯೂ, ಅಪರೆಗೆ ತಾಯಿಯ ಹೃದಯವೂ ಸಂಬದ್ಧವಾಗಿರುವುದೆಂದು ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಹೇಳಿದೆ. ಈ ಮಾರ್ಗದಲ್ಲಿ ಯಾವ ದ್ರವ್ಯವು ಶಿಶುವನ್ನು ಸೇರುವುದು, ಯಾವುದು ಸೇರದು ಎಂಬುದೇ ಇಲ್ಲಿಯ ವಿಚಾರ.

ಈ ಪ್ರಶ್ನೆಯ ಗುರುತ್ವವನ್ನು ಲೋಕಕ್ಕೆ ತಿಳಿಸಿದುದು ಥಾಲಿಡೋಮೈಡ್ ಎಂಬ ಔಷಧ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಇದನ್ನು ಗರ್ಭಿಣಿಯರು ವಾಕರಿಕೆಯ ಶಮನಕ್ಕಾಗಿ ಸೇವಿಸಿದರು. 1961ರಲ್ಲಿ ಅಲ್ಲಿ ಅದರ ಮಾರಾಟವು ನಿಂತಿತು. ಆದರೆ ಅದರ ದೆಸೆಯಿಂದ ಸಾವಿರಾರು ಶಿಶುಗಳು ಅವಯವಗಳು ಸರಿಯಾಗಿ ಬೆಳೆಯದೆ ಹುಟ್ಟಿದುವು. ಇಲಿಗಳ ಮರಿಗಳಲ್ಲಾದರೋ ಈ ಅವಯವದೋಷವು ಕಾಣಬರುವುದಿಲ್ಲ. ಜರಾಯುವಿನ ರಚನೆಯೂ ಭಿನ್ನವೇ: ಎರಡು ರಕ್ತಗಳನ್ನು ಬೇರ್ಪಡಿಸುವ ಪೋಷಕಕೋಶಗಳ ಪದರಗಳು ಇಲಿಯಲ್ಲಿ ಮೂರು, ಮನುಷ್ಯರಲ್ಲಿ ಗರ್ಭವು ಬಲಿತಮೇಲೆ ಬಹುಮಟ್ಟಿಗೆ ಒಂದೇ. ಹೊಸ ಔಷಧವನ್ನು ಗರ್ಭಿಣಿಗೆ ಕೊಟ್ಟುನೋಡುವುದಂತೂ ಧರ್ಮವಲ್ಲ. ಆದುದರಿಂದ ಮೂರನೆಯ ಮಾರ್ಗವೊಂದು ಬೇಕಾಯಿತು.

2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವೀಸ್ ಸಂಸ್ಥೆಯವರು ಶ್ವಾಸಕೋಶದ ಕ್ರಿಯೆಯನ್ನು ತೋರಿಸುವ ಚಿಪ್ಪೊಂದನ್ನು ಪ್ರಕಟಪಡಿಸಿದರು. ಅವರಲ್ಲೊಬ್ಬರಾದ ಡಾನ್ ಹ್ಯೂ ಅವರು ಬಳಿಕ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಸಂಗಡಿಗರೊಡನೆ ಜರಾಯುವಿನ ಚಿಪ್ಪನ್ನು ರಚಿಸಿ 2016ರಲ್ಲಿ ವಿವರಿಸಿದರು. ಪಾರದರ್ಶಕವಾದ ಸಿಲಿಕೋನ್ ತುಂಡಿನಲ್ಲಿ ಎರಡು ಸೂಕ್ಷ್ಮನಾಳಗಳು. ನಡುವೆ ರಂಧ್ರಗಳುಳ್ಳ ತೆಳುಪೊರೆ. ಪೊರೆಯ ಒಂದು ಮಗ್ಗುಲಲ್ಲಿ ಪೋಷಕಕೋಶಗಳನ್ನೂ ಇನ್ನೊಂದರಲ್ಲಿ ಶಿಶುವಿನ ರಕ್ತನಾಳದ ಒಳಪದರದ ಕೋಶಗಳನ್ನೂ ಬೆಳೆಸಿ, ನಾಳಗಳಲ್ಲಿ ದ್ರವವನ್ನು ಹರಿಸುವರು. ತಾಯಿಯ ಕಡೆಯ ನಾಳಕ್ಕೆ ಸೇರಿಸಿದ ದ್ರವ್ಯವು ಶಿಶುವಿನ ಕಡೆಗೆ ಎಷ್ಟು ಬಂದಿತೆಂಬುದನ್ನು ಅಳೆಯಬಹುದು. ಗ್ಲೂಕೋಸ್ ದಾಟುವ ಪ್ರಮಾಣವು ನಿಜವಾದ ಜರಾಯುವಿನದಕ್ಕೆ ಹೋಲಿತು. 2018ರಲ್ಲಿ ಮಧುಮೇಹದ ಔಷಧವಾದ ಗ್ಲೈಬ್ಯುರೈಡನ್ನು ಪರೀಕ್ಷಿಸಲಾಗಿ, ಕೋಶಗಳು ಅದನ್ನು ತಾಯಿಯ ಕಡೆಗೇ ಹಿಂದೆ ತಳ್ಳುವ ಕ್ರಿಯೆಯು ಚಿಪ್ಪಿನಲ್ಲಿಯೂ ಕಂಡುಬಂದಿತು.

ಆದರೂ ಇದು ಜರಾಯುವಲ್ಲ. ಇದರಲ್ಲಿ ಬಳಸಿದ ಪೋಷಕಕೋಶಗಳು ಅರ್ಬುದದಿಂದ ಪಡೆದ ಸಂತತಿಯವು. ಒಂಬತ್ತು ತಿಂಗಳ ಬೆಳವಣಿಗೆಯೂ ತಾಯಿಯ ದೇಹದ ರೋಗನಿರೋಧಶಕ್ತಿಯೂ ಇಲ್ಲಿಲ್ಲ. ಮುಖವನ್ನು ಚಂದ್ರನಿಗೆ ಹೋಲಿಸಿದಾಗ ಸಾಧಾರಣಧರ್ಮವು ಆಹ್ಲಾದಕತ್ವವೇ ಹೊರತು ಕಳಂಕವಲ್ಲವೆಂಬುದನ್ನು ಅಲಂಕಾರಶಾಸ್ತ್ರವನ್ನು ಬಲ್ಲವರು ಅರಿತಿರುವರು. ಇಲ್ಲಿಯೂ ಸಾಧಾರಣಧರ್ಮವು ದ್ರವ್ಯಗಳ ದಾಟುವಿಕೆಯೊಂದೇ. ಅಷ್ಟರಮಟ್ಟಿಗೆ ಚಿಪ್ಪಿನ ಸಾಕ್ಷ್ಯವು ಗ್ರಾಹ್ಯ. ದಾಟದ ಔಷಧವೆಲ್ಲವೂ ನಿರಪಾಯವೆಂದು ಅದರಿಂದ ಸಿದ್ಧಿಸದು. ಏಕೆಂದರೆ ಜರಾಯುವಿಗೇ ಆಗುವ ಹಾನಿಯೂ ಶಿಶುವಿಗೆ ತಟ್ಟುವುದು.