ಮೊದಲು ಯಾರ ಬಳಿಗೆ?

ಡೊಂಬಿವಲಿಯ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್. ರಾತ್ರಿ ಪಾಳಿಯಲ್ಲಿ ಮೂರು ಕಡೆಯಿಂದ ಒಟ್ಟಿಗೆ ಕರೆ ಬಂದರೆ, ಜೋರಾಗಿ ಕೂಗುವವರಿಗಿಂತ ಮೊದಲು ಉಸಿರಿಗೆ ಒದ್ದಾಡುವವರ ಬಳಿ ಓಡುತ್ತೇನೆ. ಶ್ವಾಸನಾಳ, ಉಸಿರಾಟ, ರಕ್ತಸಂಚಾರ: ನಮ್ಮ ಕ್ರಮ ಇದೇ. ವಯಸ್ಕರ ಉಸಿರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20. ಅದು 25 ಮುಟ್ಟಿದರೆ ಡಾಕ್ಟರಿಗೆ ತಕ್ಷಣ ಫೋನ್. ನೋವಿನ ಇಂಜೆಕ್ಷನ್ ಆಮೇಲೆ, ಡಿಸ್ಚಾರ್ಜ್ ಕಾಗದ ಕೊನೆಗೆ.

ಫೋನಿನಲ್ಲೂ ಕ್ರಮವಿದೆ: ಈಗೇನಾಗಿದೆ, ಹಿನ್ನೆಲೆಯೇನು, ನನಗೇನು ಅನಿಸುತ್ತಿದೆ, ಏನು ಬೇಕು. ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗಳಿಗೆ ಬಂದ ಈ ಪದ್ಧತಿಯ ಹೆಸರು ಎಸ್‌ಬಿಎಆರ್. ಪಾಳಿ ಬದಲಾಗುವಾಗ ಪ್ರತಿ ಹಾಸಿಗೆಯ ಬಳಿ ನಿಂತು ರೋಗಿಯನ್ನು ಒಪ್ಪಿಸುತ್ತೇವೆ. ಕಲಬುರಗಿ ಕಡೆಯ ಅಜ್ಜಿಗೆ ಮರಾಠಿ ಬಾರದಿದ್ದರೆ ಅದನ್ನೂ ಬರೆದಿಡುತ್ತೇನೆ. ಕಾಯುವವರಿಗೆ "ಸ್ವಲ್ಪ ತಡೀರಿ ಅಜ್ಜಿ, ಬರ್ತೀನಿ" ಎನ್ನುವುದೂ ಆರೈಕೆಯೇ.

ನಿಮ್ಮವರ ಉಸಿರು ಏರಿದರೆ, ಮಂಪರು ಹೆಚ್ಚಿದರೆ ಸಂಕೋಚಪಡದೆ ನಮ್ಮನ್ನು ಕರೆಯಿರಿ.