ತೂಕಡಿಕೆಯನ್ನು ಅಳೆದ ವಿದುಷಿ

ಮನುಷ್ಯನು ತನ್ನ ಆಯುಷ್ಯದ ಸುಮಾರು ಮೂರನೆಯ ಒಂದು ಪಾಲನ್ನು ನಿದ್ರೆಯಲ್ಲಿ ಕಳೆಯುತ್ತಾನೆ. ಹೀಗಿದ್ದರೂ ನಿದ್ರೆಗೂ ಆಲಸ್ಯಕ್ಕೂ ನಂಟು ಕಲ್ಪಿಸುವುದು ನಮ್ಮ ಜನರ ರೂಢಿ. ಬೆಳಗ್ಗೆ ತಡವಾಗಿ ಏಳುವ ಹುಡುಗನಿಗೆ ಕುಂಭಕರ್ಣನೆಂಬ ಬಿರುದು ಸಿದ್ಧವಾಗಿಯೇ ಇರುತ್ತದೆ. ಈ ಬಿರುದು ನ್ಯಾಯವೇ? ನಿಮ್ಮ ವಯಸ್ಸಿನವರ ನಿದ್ರೆಯ ಅಧ್ಯಯನಕ್ಕೆ ಜೀವಮಾನವನ್ನು ಮುಡಿಪಾಗಿಟ್ಟ ವಿದುಷಿಯೊಬ್ಬರ ಕಾರ್ಯವನ್ನು ತಿಳಿದರೆ ಉತ್ತರವು ತಾನಾಗಿಯೇ ದೊರೆಯುತ್ತದೆ.

ಅಮೆರಿಕದ ಮೇರಿ ಕಾರ್ಸ್ಕಡನ್ ಅವರು 1969ರಲ್ಲಿ ಮನಃಶಾಸ್ತ್ರದ ಪದವಿ ಪಡೆದು, ಬಳಿಕ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಡೆಮೆಂಟ್ ಎಂಬ ಪ್ರಸಿದ್ಧ ನಿದ್ರಾಶಾಸ್ತ್ರಜ್ಞರ ಬಳಿ ಕೆಲಸಕ್ಕೆ ಸೇರಿದರು. ಅಲ್ಲಿಯೇ 1979ರಲ್ಲಿ ಡಾಕ್ಟರೇಟ್ ಪಡೆದರು. ಅಂದು ವೈದ್ಯರ ಮುಂದೆ ಒಂದು ತೊಡಕಿತ್ತು: ಜ್ವರವನ್ನು ಅಳೆಯಬಹುದು, ಹಗಲಿನ ತೂಕಡಿಕೆಯನ್ನು ಅಳೆಯುವುದು ಹೇಗೆ? ಕಾರ್ಸ್ಕಡನ್ ಮತ್ತು ಡೆಮೆಂಟ್ ಅವರು ಸರಳವಾದ ಉಪಾಯವನ್ನು ಕಂಡುಹಿಡಿದರು. ಹಗಲಿನಲ್ಲಿ ಎರಡು ಗಂಟೆಗೊಮ್ಮೆ ವ್ಯಕ್ತಿಯನ್ನು ಕತ್ತಲೆಯ, ಸದ್ದಿಲ್ಲದ ಕೋಣೆಯಲ್ಲಿ ಮಲಗಿಸುವುದು. ಮೆದುಳಿನ ವಿದ್ಯುತ್ ಅಲೆಗಳನ್ನು ಗುರುತಿಸುತ್ತ, ಎಷ್ಟು ನಿಮಿಷದಲ್ಲಿ ನಿದ್ರೆ ಬಂದಿತೆಂದು ಲೆಕ್ಕ ಹಾಕುವುದು. ಸರಾಸರಿ 5 ನಿಮಿಷದೊಳಗೇ ನಿದ್ರೆ ಬಂದರೆ ತೂಕಡಿಕೆಯು ತೀವ್ರವಾಗಿದೆಯೆಂದು ಅರ್ಥ. ಹಗಲಿನಲ್ಲಿ ತಡೆಯಲಾಗದಂತೆ ನಿದ್ರೆ ಆವರಿಸುವ ನಾರ್ಕೊಲೆಪ್ಸಿ ಎಂಬ ರೋಗವನ್ನು ಗುರುತಿಸಲು ಇಂದಿಗೂ ಈ ಪರೀಕ್ಷೆಯನ್ನೇ ಬಳಸುತ್ತಾರೆ.

1976ರಿಂದ ಅವರು ಬೇಸಗೆಯಲ್ಲಿ ಮಕ್ಕಳ ನಿದ್ರಾಶಿಬಿರಗಳನ್ನು ನಡೆಸಿದರು. ಅದೇ ಮಕ್ಕಳು ವರ್ಷ ವರ್ಷವೂ ಬರುತ್ತಿದ್ದರು; ರಾತ್ರಿ ಹತ್ತು ಗಂಟೆಗಳ ಕಾಲ ಮಲಗಲು ಅವಕಾಶವಿತ್ತು. ವಯಸ್ಸು ಏರಿದಂತೆ ನಿದ್ರೆಯ ಅಗತ್ಯ ತಗ್ಗುವುದೆಂಬುದು ಅಂದಿನ ಎಣಿಕೆ. ಫಲಿತಾಂಶವೋ ಬೇರೆಯೇ ಆಯಿತು. ದೊಡ್ಡವರಾದ ಮಕ್ಕಳೂ ಸುಮಾರು ಒಂಬತ್ತೂಕಾಲು ಗಂಟೆ ನಿದ್ರಿಸಿದರು!

ಮುಂದೆ 1985ರಲ್ಲಿ ಬ್ರೌನ್ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಇನ್ನೊಂದು ಸಂಗತಿಯನ್ನು ಅವರು ತೋರಿಸಿಕೊಟ್ಟರು. ಯೌವನವು ಕಾಲಿಡುವಾಗ ದೇಹದೊಳಗಿನ ಗಡಿಯಾರವೇ ಹಿಂದೆ ಬೀಳುತ್ತದೆ. ರಾತ್ರಿಯ ಸೂಚನೆ ಕೊಡುವ ಮೆಲಟೋನಿನ್ ಎಂಬ ರಸವು ತಡವಾಗಿ ಒಸರುವುದರಿಂದ ನಿದ್ರೆಯೂ ತಡವಾಗಿ ಬರುತ್ತದೆ. ಶಾಲೆಯು 8:25ರ ಬದಲು 7:20ಕ್ಕೇ ಆರಂಭವಾದಾಗ ಹತ್ತನೆಯ ತರಗತಿಯವರು ಬೇಗ ಏಳಬೇಕಾಯಿತೇ ಹೊರತು ಬೇಗ ಮಲಗಲಿಲ್ಲ. ಬೆಳಗಿನ ಪರೀಕ್ಷೆಯಲ್ಲಿ ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ನಾರ್ಕೊಲೆಪ್ಸಿಯ ರೋಗಿಗಳಂತೆ ಮಲಗಿದೊಡನೆ ಕನಸಿನ ನಿದ್ರೆಗೆ ಜಾರಿದರು. ಇದು 1998ರಲ್ಲಿ ಪ್ರಕಟವಾದ ಸಂಗತಿ. ಇಂತಹ ಸಂಶೋಧನೆಗಳ ಬಲದಿಂದ ಕ್ಯಾಲಿಫೋರ್ನಿಯ ರಾಜ್ಯವು 2019ರಲ್ಲಿ ಕಾನೂನು ಮಾಡಿತು. 2022ರಿಂದ ಅಲ್ಲಿನ ಬಹುತೇಕ ಪ್ರೌಢಶಾಲೆಗಳು 8:30ಕ್ಕಿಂತ ಮೊದಲು ಆರಂಭವಾಗುವಂತಿಲ್ಲ.

ನಮ್ಮ ನಾಡಿನಲ್ಲಿಯೂ ಈ ಶಾಸ್ತ್ರವು ಬೆಳೆದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಬಿಂದು ಕುಟ್ಟಿ ಮತ್ತು ಸಂಗಡಿಗರು ಧ್ಯಾನಾಭ್ಯಾಸಿಗಳ ನಿದ್ರೆಯನ್ನು ಪರೀಕ್ಷಿಸಿದರು. ವಯಸ್ಸಾದಂತೆ ಕುಗ್ಗುವ ಗಾಢನಿದ್ರೆಯು ಧ್ಯಾನಾಭ್ಯಾಸಿಗಳಲ್ಲಿ ಹೆಚ್ಚಾಗಿ ಉಳಿದಿದ್ದುದು ಅವರಿಗೆ ಕಂಡುಬಂದಿತು.

ವಿದ್ಯಾರ್ಥಿಗಳೇ, ಇದರಿಂದ ನಾವು ತಿಳಿಯಬೇಕಾದುದೇನು? ಹೈದರಾಬಾದು ತಡರಾತ್ರಿಯವರೆಗೂ ಎಚ್ಚರವಾಗಿರುವ ನಗರ. ಒಂದೇ ಕೋಣೆಯ ಮನೆಯಲ್ಲಿ ಹಿರಿಯರ ಮಾತು, ಟಿ.ವಿ.ಯ ಸದ್ದು ನಿಲ್ಲುವವರೆಗೆ ಮಕ್ಕಳಿಗೆ ನಿದ್ರೆಯಿಲ್ಲ. ನಸುಕಿನಲ್ಲೆದ್ದು ಪತ್ರಿಕೆ ಹಂಚಿ ಶಾಲೆಗೆ ಬರುವ ಹುಡುಗನು ಕೊನೆಯ ಬೆಂಚಿನಲ್ಲಿ ತೂಕಡಿಸಿದರೆ ಅದು ಸೋಮಾರಿತನವಲ್ಲ, ತೀರದ ಸಾಲ. ಅವನನ್ನು ಕಂಡು ನಗಬೇಡಿರಿ.

13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆಗಳ ನಿದ್ರೆ ಬೇಕೆಂಬುದು ವೈದ್ಯರ ಅಭಿಮತ. ಹಗಲು ಕಲಿತುದು ನೆನಪಿನಲ್ಲಿ ನೆಲೆಗೊಳ್ಳುವುದಕ್ಕೂ ನಿದ್ರೆಯೇ ನೆರವಾಗುತ್ತದೆ. ಆದುದರಿಂದ ಪರೀಕ್ಷೆಯ ಹಿಂದಿನ ರಾತ್ರಿ ಚಹಾ ಕುಡಿದು ಜಾಗರಣೆ ಮಾಡುವವನು ಒಂದು ಕೈಯಿಂದ ಬಿತ್ತಿ ಇನ್ನೊಂದು ಕೈಯಿಂದ ಕೀಳುತ್ತಾನೆ. ಮಲಗುವ ಮುನ್ನ ಮೊಬೈಲನ್ನು ದೂರವಿಡಿರಿ; ಮನೆಯ ಹಿರಿಯರಿಗೆ ಈ ಲೇಖನವನ್ನು ಓದಿ ಹೇಳಿರಿ. ಸಾಕಷ್ಟು ಮಲಗಿಯೂ ಹಗಲು ನಿದ್ರೆ ಕಾಡುತ್ತಿದ್ದರೆ ಸಂಕೋಚಪಡದೆ ವೈದ್ಯರಿಗೆ ತಿಳಿಸಿರಿ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ನಮ್ಮಲ್ಲಿದೆ. ನಿಮಗೆ ಸಂತೆಯಲ್ಲಿ ಬೇಡ, ತರಗತಿಯಲ್ಲಿಯೂ ಬೇಡ. ಹಾಸಿಗೆಯಲ್ಲಿ, ಹೊತ್ತಿಗೆ ಸರಿಯಾಗಿ, ಹೊಟ್ಟೆ ತುಂಬ ನಿದ್ರೆ ದೊರೆಯಲಿ.