ನೇರಳೆ ಬಣ್ಣ ಉತ್ತರಿಸದ ಪ್ರಶ್ನೆ

ಭಟ್ಕಳ, ಹೊನ್ನಾವರ, ಕುಮಟಾ ಹಾದುಹೋಗುವ ಹೆದ್ದಾರಿ 66ರಲ್ಲಿ ಯಾರದೋ ಬ್ಯಾಗಿನಲ್ಲಿ ಒಣಸೊಪ್ಪು ಸಿಕ್ಕಿತೆನ್ನಿ. ಅದು ಗಾಂಜಾವೇ ಎಂದು ರಸ್ತೆಬದಿಯಲ್ಲೇ ನೋಡಲು ಒಂದು ಪುಟ್ಟ ಕಿಟ್ ಇದೆ. ಚಿಟಿಕೆ ಸೊಪ್ಪನ್ನು ಅದರ ಚೀಲಕ್ಕೆ ಹಾಕಿ, ಒಳಗಿನ ಗಾಜಿನ ಕೊಳವೆಗಳನ್ನು ಒಂದೊಂದಾಗಿ ಮುರಿದು ಅಲುಗಾಡಿಸಿದರೆ ಆಯಿತು. ನೇರಳೆ ಬಣ್ಣ ಬಂದರೆ ಗಾಂಜಾ ಎಂಬ ಗುಮಾನಿ.

ಇದರ ಹೆಸರು ಡುಕೆನ್ವಾ-ಲೆವಿನ್ ಪರೀಕ್ಷೆ. ಮೊದಲ ಕೊಳವೆಯಲ್ಲಿ ವೆನಿಲಿನ್ ಇರುತ್ತದೆ. ಹೌದು, ಐಸ್‌ಕ್ರೀಮಿಗೆ ಪರಿಮಳ ಕೊಡುವುದೂ ಅದೇ. ಜೊತೆಗೆ ಅಸಿಟಾಲ್ಡಿಹೈಡ್. ಎರಡನೆಯದರಲ್ಲಿ ಹೈಡ್ರೋಕ್ಲೋರಿಕ್ ಆಮ್ಲ, ಮೂರನೆಯದರಲ್ಲಿ ಕ್ಲೋರೋಫಾರ್ಮ್. ಆಮ್ಲ ಬಿದ್ದೊಡನೆ ವೆನಿಲಿನ್ ಗಾಂಜಾ ಅಂಟಿನ ಫೀನಾಲ್ ಉಂಗುರಕ್ಕೆ ಸೇರಿ ಬಣ್ಣ ಹುಟ್ಟುತ್ತದೆ, ಅದು ಕ್ಲೋರೋಫಾರ್ಮಿಗೆ ಇಳಿಯುತ್ತದೆ. ತೊಡಕೂ ಅಲ್ಲೇ. ಕಿಟ್ ಗುರುತಿಸುವುದು ಉಂಗುರವನ್ನು. ಅದು ಮತ್ತೇರಿಸುವ ಟಿಎಚ್‌ಸಿಯಲ್ಲೂ ಇದೆ, ಮತ್ತೇರಿಸದ ಸಿಬಿಡಿಯಲ್ಲೂ ಇದೆ.

ಕೊಕೇನ್ ಕಿಟ್ಟಿನ ಪಾಡೂ ಇಷ್ಟೆ. ಕೋಬಾಲ್ಟ್ ಥಯೋಸಯನೇಟ್ ನೀಲಿಯಾಗುವುದು ಕೊಕೇನಿಗೆ ಮಾತ್ರವಲ್ಲ, ದಂತವೈದ್ಯರು ಚುಚ್ಚುವ ಲಿಡೊಕೇನಿಗೂ, ಅಲರ್ಜಿ ಮಾತ್ರೆಯ ಡೈಫೆನ್‌ಹೈಡ್ರಮಿನ್‌ಗೂ ನೀಲಿಯಾಗಬಹುದು. 2015ರಲ್ಲಿ ಅಮೆರಿಕದ ಒರ್ಲಾಂಡೊದಲ್ಲಿ ಕಾರಿನೊಳಗೆ ಉದುರಿದ್ದ ಡೋನಟ್ ಸಕ್ಕರೆ ಚೂರು ಇಂಥದೇ ಕಿಟ್ಟಿನಲ್ಲಿ ಮೆಥಾಂಫೆಟಮಿನ್ ಎಂಬ ಮಾದಕವೆನಿಸಿಕೊಂಡು, ಚಾಲಕ ಜೈಲು ನೋಡಿ ಬಂದ. ಆಮೇಲೆ ನಗರಾಡಳಿತ ಪರಿಹಾರವಾಗಿ 37,500 ಡಾಲರ್ ತೆತ್ತಿತು.

ನಮ್ಮಲ್ಲಿ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. 1985ರ ಮಾದಕ ದ್ರವ್ಯಗಳ (ಎನ್‌ಡಿಪಿಎಸ್) ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಕಟ್ಟಿದ ತುದಿ. ತುದಿಯ ಜೊತೆಗಿಲ್ಲದ ಎಲೆ, ಬೀಜ ಲೆಕ್ಕಕ್ಕಿಲ್ಲ. ಆದರೆ ಎಲೆಯಲ್ಲೂ ಅಂಟು ಇರುವುದರಿಂದ ಅದೂ ನೇರಳೆಯಾಗುತ್ತದೆ. ಕಾನೂನು ಕೇಳುವುದು ಗಿಡದ ಯಾವ ಭಾಗ ಎಂದು. ಅದು ರಸಾಯನಶಾಸ್ತ್ರದ ಪ್ರಶ್ನೆಯೇ ಅಲ್ಲ. 2022ರಲ್ಲಿ ಬೆಂಗಳೂರಿನ ಪ್ರಕರಣವೊಂದರಲ್ಲಿ 29 ಕೆ.ಜಿ. ಭಂಗಿ, 400 ಗ್ರಾಂ ಗಾಂಜಾ ವಶವಾಗಿತ್ತು. ಆ ಭಂಗಿ ಎಲೆಯದೋ, ಗಾಂಜಾದ್ದೋ, ಚರಸ್ಸಿನದೋ ಎಂದು ಹೇಳುವ ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿ ಇಲ್ಲವೆಂದು ಹೈಕೋರ್ಟ್ ಜಾಮೀನು ಕೊಟ್ಟಿತು. ತೂಕದ ಮೇಲೆ ಎಷ್ಟು ನಿಂತಿದೆ ನೋಡಿ: ಗಾಂಜಾ ಒಂದು ಕೆ.ಜಿ.ವರೆಗೆ ಇದ್ದರೆ ಗರಿಷ್ಠ ಒಂದು ವರ್ಷ, 20 ಕೆ.ಜಿ. ದಾಟಿದರೆ ಕನಿಷ್ಠ ಹತ್ತು ವರ್ಷ, ಜಾಮೀನೂ ದುರ್ಲಭ.

ಹಾಗಾಗಿ ಕಾಯ್ದೆಯ 52ಎ ಕಲಮು ಮತ್ತು 2022ರ ನಿಯಮಗಳ ಪ್ರಕಾರ ಮಾದರಿ ತೆಗೆಯುವುದು ಮ್ಯಾಜಿಸ್ಟ್ರೇಟರ ಎದುರಿನಲ್ಲಿ. ಮೈ ತಪಾಸಣೆಗೆ ಮುನ್ನ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಆಗಲಿ ಎನ್ನುವ ಹಕ್ಕಿದೆಯೆಂದು ಪೊಲೀಸರು ತಿಳಿಸಲೇಬೇಕು. ಇದು 50ನೇ ಕಲಮು, ಆದರೆ ಬ್ಯಾಗು-ಕಾರಿನ ತಪಾಸಣೆಗೆ ಅನ್ವಯಿಸದು. 52ಎಯ ಕ್ರಮ ತಪ್ಪಿತೆಂದ ಮಾತ್ರಕ್ಕೆ ಕೇಸು ತಾನಾಗಿ ಬೀಳದು ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ನನಗಿದು ಸ್ವಲ್ಪ ಸಡಿಲವಾಯಿತೆನಿಸುತ್ತದೆ, ಯಾಕೆಂದರೆ ಮಾದರಿಯೇ ಸರಿಯಿಲ್ಲದಿದ್ದರೆ ಲ್ಯಾಬಿನಲ್ಲಿ ಎಷ್ಟು ದುಬಾರಿ ಯಂತ್ರವಿದ್ದರೂ ಫಲವಿಲ್ಲ.

ಮರುಪರೀಕ್ಷೆ ಬೇಕೆಂದರೆ ಲ್ಯಾಬ್ ವರದಿ ಬಂದ 15 ದಿನದೊಳಗೆ ಕೇಳಬೇಕು, ಅದೂ ತೀರಾ ಅಪರೂಪದ ಸಂದರ್ಭದಲ್ಲಿ ಮಾತ್ರ ಎಂದು ಸುಪ್ರೀಂ ಕೋರ್ಟಿನ 2013ರ ಥಾನಾ ಸಿಂಗ್ ತೀರ್ಪು ಹೇಳುತ್ತದೆ. ತಡಮಾಡಬಾರದೆಂಬುದಕ್ಕೆ ವಸ್ತುವೇ ಕಾರಣ. ಹಸಿ ಗಾಂಜಾ ಒಣಗುತ್ತಾ ತೂಕ ಇಳಿಯುತ್ತದೆ. ಬೆಳಕು, ಸೆಕೆ, ಗಾಳಿಗೆ ಟಿಎಚ್‌ಸಿ ನಿಧಾನವಾಗಿ ಸಿಬಿಎನ್ ಎಂಬ ಬೇರೆ ಪದಾರ್ಥವಾಗುತ್ತದೆ. ಸೀಲು ಮಾಡಿದ ಮುದ್ದೆಮಾಲು ಕರಾವಳಿಯ ಸೆಕೆಯಲ್ಲಿ ವರ್ಷಗಟ್ಟಲೆ ಕುಳಿತರೆ, ಎರಡನೇ ಪರೀಕ್ಷೆಗೆ ಸಿಗುವುದು ಮೊದಲು ಹಿಡಿದ ಮಾಲೇ ಆಗಿ ಉಳಿದಿರುವುದಿಲ್ಲ.